ಐದು ನಿಮಿಷದಲ್ಲಿ ಬರುವ ವೆಲ್ಮಾ

ಲಾಸ್ ವೇಗಾಸ್ ಹಳೇ ಪೇಟೆಯ ಸಿಲ್ವರ್ ಬರೋ ಕ್ಯಾಸಿನೊದ ಹನ್ನೊಂದನೇ ನಿಯಮದ ಪ್ರಕಾರ, ಜೂಜಿನ ಯಂತ್ರಕ್ಕೆ ಕುರ್ಚಿ ವಾಲಿಸಿ ಎದ್ದುಹೋದವರು ಮರಳುವವರೆಗೆ ಆ ಯಂತ್ರವನ್ನು ಯಾರೂ ಮುಟ್ಟತಕ್ಕದ್ದಲ್ಲ. ಎಷ್ಟು ಹೊತ್ತಿನೊಳಗೆ ಮರಳಬೇಕೆಂಬುದು ನಿಯಮ ಬರೆದವರಿಗೆ ಹೊಳೆದಿರಲಿಲ್ಲ. ಪಾಪ, ಅವರೂ ಮನುಷ್ಯರೇ.

ವೆಲ್ಮಾ ಟ್ರೆಡ್‌ವೇ ಶಾಲಾ ಬಸ್ಸು ಓಡಿಸಿ ನಿವೃತ್ತಳಾದಾಕೆ, ವಯಸ್ಸು ಎಪ್ಪತ್ತಾರು. ದಿನಾ ಬೆಳಿಗ್ಗೆ ಅಲ್ಲಿನ ಅಗ್ಗದ ಎರಡು ಮೊಟ್ಟೆಯ ತಿಂಡಿ ತಿಂದು, ೨೧೪ನೇ ಯಂತ್ರಕ್ಕೆ ಐದೈದು ಸೆಂಟಿನ ನಾಣ್ಯ ಹಾಕುತ್ತ ಕೂರುತ್ತಿದ್ದಳು. ಗಂಡ ಸತ್ತ ಮೇಲೆ ಆಕೆಗೆ ನೆಮ್ಮದಿ ಸಿಗುತ್ತಿದ್ದುದು ಆ ಕುರ್ಚಿಯೊಂದರಲ್ಲೇ.

ಒಂದು ದಿನ ಗೋಡೆಯ ಮೇಲೆ ಪ್ರಕಟಣೆ ಬಂತು: “ಯುವ ಅತಿಥಿಗಳ ಕುಣಿತಕ್ಕೂ ಹಿರಿಯ ಅತಿಥಿಗಳ ಮಿತವ್ಯಯಕ್ಕೂ ಸಮತೋಲನ ಸಾಧಿಸುವ ಸಲುವಾಗಿ, ಹಿರಿಯರ ಯಂತ್ರಗಳನ್ನು ತೆಗೆಯಲಾಗುವುದು.” ಯುವಕರು ಜೂಜಾಡುತ್ತಿರಲಿಲ್ಲ, ನಿಜ. ಆದರೆ ಬಣ್ಣದ ನೀರಿಗೆ ಇಪ್ಪತ್ತೆರಡು ಡಾಲರ್ ಕೊಡುತ್ತಿದ್ದರು. ಹಿರಿಯರು ಜೂಜಾಡುವವರಿಗೆ ಕೊಡುವ ಅದೇ ನೀರನ್ನು ಪುಕ್ಕಟೆ ಕುಡಿದು, ಇನ್ನೊಂದು ಕೇಳುತ್ತಿದ್ದರು.

ಕೆಲಸದವರ ಗಾಡಿಯ ಸದ್ದು ಕೇಳುತ್ತಲೇ ವೆಲ್ಮಾ ಕುರ್ಚಿ ವಾಲಿಸಿ ಮನೆಗೆ ಹೋದಳು. ಅವರು ಮೂವತ್ತೊಂಬತ್ತು ಯಂತ್ರ ಕಿತ್ತು, ನಲವತ್ತನೆಯದಾದ ವೆಲ್ಮಾಳ ಯಂತ್ರದ ಮುಂದೆ ಟೋಪಿ ತೆಗೆದು ನಿಂತರು. ನಿಯಮ ತಿದ್ದಲು ಹದಿನಾಲ್ಕು ತಿಂಗಳು ಬೇಕೆಂದು ವಕೀಲರು ತಿಳಿಸಿದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮ್ಯಾನೇಜರು ಯಂತ್ರವನ್ನು ನಡುವೆ ಬಿಟ್ಟು ಸುತ್ತಲೂ ಕುಣಿಯುವ ಕಟ್ಟೆ ಕಟ್ಟಿಸಿದ.

ಕುಣಿಯಲು ಬಂದವರು ಕುರ್ಚಿಗೇ ಮರುಳಾದರು. ಅದರ ಒಡತಿ ಸತ್ತಳೆಂದು ಕೆಲವರು, ಕೋಟಿ ಗೆದ್ದು ಓಡಿದಳೆಂದು ಕೆಲವರು. ಮ್ಯಾನೇಜರು ಸುತ್ತ ಹಗ್ಗ ಕಟ್ಟಿಸಿ, ಫೋಟೋಗೆ ಇಪ್ಪತ್ತು ಡಾಲರ್ ಟಿಕೆಟ್ ಇಟ್ಟ.

ಮೂರನೇ ವಾರ ವೆಲ್ಮಾ ನಾಣ್ಯದ ಡಬ್ಬಿ ಹಿಡಿದು ಬಂದಳು. ಕಾವಲಿನ ಎಫ್ರೈನ್ ಅಡ್ಡ ನಿಂತ.

“ನನ್ನ ಕುರ್ಚಿಗೆ ಬಂದಿದೀನಿ ಕಣೋ.”

“ನೀವು ಬಂದಿಲ್ಲ ಮೇಡಂ.”

“ಕಣ್ಣೆದುರಿಗೇ ನಿಂತಿದೀನಲ್ಲೋ?”

“ನಿಂತಿರಬಹುದು. ಬಂದ್ರಿ ಅಂತ ಬರ್ಕೊಂಡ್ರೆ ನಿಯಮ ಮುಗೀತು. ಕೀಳೋ ಆದೇಶ ಇನ್ನೂ ರದ್ದಾಗಿಲ್ಲ. ಮಧ್ಯಾಹ್ನದೊಳಗೆ ಯಂತ್ರ ಗುಜರಿಗೆ ಹೋಗುತ್ತೆ.”

ವೆಲ್ಮಾಗೆ ಸಿಟ್ಟೂ ಬಂತು, ಅಳುವೂ ಬಂತು. ಕೂತರೆ ಕುರ್ಚಿ ಹೋಗುತ್ತದೆ. ಕುರ್ಚಿ ಉಳಿಯಬೇಕಾದರೆ ಕೂರುವಂತಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಕೊನೆಗೆ ಮ್ಯಾನೇಜರ ಜೊತೆ ಒಪ್ಪಂದವಾಯಿತು. ಈಗ ಆಕೆ ದಿನಾ ಬೆಳಿಗ್ಗೆ “ಐದು ನಿಮಿಷದಲ್ಲಿ ಬರುತ್ತೇನೆ” ಎಂದು ಪುಸ್ತಕದಲ್ಲಿ ಸಹಿ ಹಾಕುತ್ತಾಳೆ. ಎಫ್ರೈನ್ ಸಾಕ್ಷಿ ಹಾಕುತ್ತಾನೆ. ಮೊಟ್ಟೆ ಪುಕ್ಕಟೆ. ಸಮತೋಲನ ಸಾಧಿಸಲಾಗಿದೆಯೆಂದು ಹೊಸ ಪ್ರಕಟಣೆಯೂ ಬಂದಿದೆ.

ಮೊನ್ನೆ ವೆಲ್ಮಾ ಫೋಟೋದ ಸಾಲಿನಲ್ಲೇ ನಿಂತಿದ್ದಳು. ಹಿರಿಯರಿಗೆ ಎರಡು ಡಾಲರ್ ರಿಯಾಯಿತಿ ಉಂಟು. ಹಿಂದಿದ್ದ ಹುಡುಗಿ ಕೇಳಿದಳು: “ಅಜ್ಜಿ, ಆ ಕುರ್ಚಿಯವಳು ನಿಜವಾಗ್ಲೂ ವಾಪಸ್ ಬರ್ತಾಳಾ?”

“ಬರದೇ ಇದ್ರೆ ಸಾಕು,” ಎಂದು ವೆಲ್ಮಾ ಟಿಕೆಟ್ ತೋರಿಸಿ ಹಗ್ಗದ ಪಕ್ಕ ಹೋಗಿ ನಿಂತಳು.