ಕೌನ್ಸೆಲಿಂಗ್ ಕೋಣೆಯಲ್ಲಿ ಸಂಬಂಧ ಹುಡುಕಿದ್ದು

ಮಂಗಳೂರಿನವರಾದ ನಮಗೆ ಎದುರು ಸಿಕ್ಕವರ ಕಷ್ಟಸುಖಕ್ಕಿಂತ ಮೊದಲು ಅವರ ಮನೆ ಎಲ್ಲಿ ಎಂದು ತಿಳಿಯಬೇಕು. ಮನೆ ಗೊತ್ತಾದರೆ ಮನೆತನ, ಮನೆತನ ಗೊತ್ತಾದರೆ ಸಂಬಂಧ. ಎಷ್ಟು ಸುತ್ತಿದರೂ ಕೊನೆಗೊಬ್ಬ ಚಿಕ್ಕಮ್ಮನೋ ಬಾವನೋ ಸಿಕ್ಕೇ ಸಿಗುತ್ತಾರೆ. ಈ ವಿದ್ಯೆಯಲ್ಲಿ ನಾನು ಸ್ವಲ್ಪ ಹೆಚ್ಚೇ ಪಳಗಿದವಳು. "ಇವಳನ್ನು ಸುಮ್ಮನೆ ಬಿಟ್ಟರೆ ರೈಲಿನ ಎಂಜಿನ್ನಿಗೂ ಒಬ್ಬ ಸೋದರಮಾವನನ್ನು ಹುಡುಕಿಕೊಡ್ತಾಳೆ" ಎಂದು ನನ್ನ ಗಂಡ ಹೇಳುವುದುಂಟು. ಅವರ ಮಾತಿಗೆ ನಾನು ಕಿವಿಗೊಡುವುದಿಲ್ಲ. ಯಾರ ಮಾತಿಗೂ ಕಿವಿಗೊಡುವ ಅಭ್ಯಾಸ ನನಗಿರಲಿಲ್ಲ ಎಂದರೆ ಹೆಚ್ಚು ಸರಿ.

ಇಂಥ ನನ್ನನ್ನು ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಕರೆದು, "ಗಣಿತದ ಜೊತೆ ಕೌನ್ಸೆಲಿಂಗ್ ಕೂಡ ನೀವೇ ನೋಡಿಕೊಳ್ಳಿ ಟೀಚರ್. ನೀವು ಎಲ್ಲರ ಹತ್ತಿರ ಚಂದ ಮಾತಾಡ್ತೀರಲ್ಲ" ಎಂದರು. ಆ ಕೆಲಸಕ್ಕೆ ಬೇಕಾದದ್ದು ಮಾತಾಡುವವರಲ್ಲ, ಕೇಳಿಸಿಕೊಳ್ಳುವವರು ಎಂಬುದು ತರಬೇತಿಗೆ ಹೋದಾಗ ತಿಳಿಯಿತು. ಮಗು ಮಾತಾಡುವಾಗ ನಡುವೆ ಬಾಯಿ ಹಾಕಬಾರದು, ಜೀವಕ್ಕೆ ಅಪಾಯವಿಲ್ಲದ ಹೊರತು ಕೇಳಿದ್ದನ್ನು ಹೊರಗೆ ಬಿಡಬಾರದು ಎಂದು ಅಲ್ಲಿ ಹೇಳಿಕೊಟ್ಟರು. ಮುಂದಿನ ಸಾಲಿನಲ್ಲಿ ಕೂತು ಜೋರಾಗಿ ತಲೆಯಾಡಿಸಿದೆ. ಊಟದ ಹೊತ್ತಿಗೆ, ತರಬೇತಿ ಕೊಟ್ಟ ಹೆಂಗಸು ನನ್ನ ದೊಡ್ಡಮ್ಮನ ನೆರೆಮನೆಯವಳೆಂದು ಪತ್ತೆಹಚ್ಚಿಯೂ ಆಗಿತ್ತು.

ನನ್ನ ಕೋಣೆಗೆ ಮೊದಲು ಬಂದವಳು ಹತ್ತನೆಯ ತರಗತಿಯ ಹುಡುಗಿ. ಧನ್ಯಾ ಎಂದಿಟ್ಟುಕೊಳ್ಳಿ. ಹೆಸರು, ಮನೆ ಬದಲಾಯಿಸಿದ್ದೇನೆ, ಅವಳ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ. ನನ್ನ ಗಣಿತದ ಕ್ಲಾಸಿನಲ್ಲಿ ಹಿಂದಿನ ಬೆಂಚಿನ ಮಾತಿಲ್ಲದ ಹುಡುಗಿ. ಸೋಮವಾರ ಬಂತೆಂದರೆ ಹೊಟ್ಟೆನೋವು, ರಜೆ. ಫಳ್ನೀರ್ ರಸ್ತೆಯ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ ಏನೂ ಇಲ್ಲ ಎಂದಿದ್ದರು. ಹೀಗೇ ಆದರೆ ಪಾಠ ತಪ್ಪಿ ಪಬ್ಲಿಕ್ ಪರೀಕ್ಷೆಯಲ್ಲಿ ಹಿಂದೆ ಬೀಳ್ತಾಳೆ ಎಂದು ಅವಳ ಕ್ಲಾಸ್ ಟೀಚರ್ ಲವೀನಾ ಕಳಿಸಿದ್ದಳು. ಹುಡುಗಿ ತುಂಬಾ ಹೊತ್ತು ಜಡೆಯ ರಿಬ್ಬನ್ ಸುತ್ತುತ್ತ ಕೂತು, ಕೊನೆಗೆ, "ಟೀಚರ್, ಬೆಳಿಗ್ಗೆ ಎದ್ದ ಕೂಡಲೇ ನನಗೆ..." ಎಂದಳು.

"ನಿನ್ನ ಮನೆ ಎಲ್ಲಿ ಮಗಾ?" ಎಂದಿತು ನನ್ನ ಬಾಯಿ.

"ಮಣ್ಣಗುಡ್ಡ."

"ಮಣ್ಣಗುಡ್ಡದಲ್ಲಿ ಯಾರ ಮಗಳು?"

"ಅಮ್ಮನ ಹೆಸರು ಶಶಿಕಲಾ."

"ಅಯ್ಯೋ, ಶಶಿಯ ಮಗಳಾ ನೀನು! ಅವಳು ನನ್ನ ಅತ್ತಿಗೆಯ ಚಿಕ್ಕಮ್ಮನ ಮಗಳು ಮಾರಾಯ್ತಿ! ಬರುವ ಆದಿತ್ಯವಾರ ಮದುವೆಯಲ್ಲಿ ಸಿಗ್ತಾಳೆ!"

ಹುಡುಗಿಯ ಮುಖ ಬಾಗಿಲು ಹಾಕಿದ ಹಾಗಾಯಿತು. "ಎಂತ ಇಲ್ಲ ಟೀಚರ್, ಈಗ ಹುಷಾರುಂಟು" ಎಂದು ಎದ್ದಳು. ಹೊಸ್ತಿಲಲ್ಲಿ ತಿರುಗಿ, "ನಾನು ಇಲ್ಲಿಗೆ ಬಂದದ್ದು ಅಮ್ಮನಿಗೆ ಹೇಳಬೇಡಿ" ಎಂದಳು. ನನಗೆ ನಿಜಕ್ಕೂ ಸಂಕಟವಾಯಿತು. ಅಷ್ಟು ಕಷ್ಟಪಟ್ಟು ಬಾಯಿ ತೆರೆದ ಮಗುವಿಗೆ ನಾನು ಸಂಬಂಧ ಹೇಳಿ ಬಾಯಿ ಮುಚ್ಚಿಸಿದ್ದೆ. ಅದೂ ಎಂಥ ಸಂಬಂಧ, ಅತ್ತಿಗೆಯ ಚಿಕ್ಕಮ್ಮನದು!

ಮದುವೆಯ ಹಾಲ್‌ನಲ್ಲಿ ಊಟದ ತಟ್ಟೆ ಹಿಡಿದು ನಿಂತಿದ್ದಾಗ ಶಶಿಕಲಾ ಬಂದೇಬಿಟ್ಟಳು. "ಅಕ್ಕಾ, ನೀವೀಗ ಮಕ್ಕಳಿಗೆ ಕೌನ್ಸೆಲಿಂಗ್ ಮಾಡ್ತೀರಂತೆ. ನಮ್ಮ ಧನ್ಯಾ ನಿಮ್ಮ ಹತ್ತಿರ ಎಂತಾದರೂ ಹೇಳಿದ್ದಾಳಾ?" ಅವಳ ಹಿಂದೆ, ಐಸ್‌ಕ್ರೀಮಿನ ಮೇಜಿನ ಹತ್ತಿರ ಧನ್ಯಾ ನಿಂತಿದ್ದಳು. ಚಮಚ ಬಾಯಿಯ ಹತ್ತಿರವೇ ನಿಂತಿತ್ತು, ಕಣ್ಣು ನನ್ನ ಮೇಲಿತ್ತು. ನನ್ನ ನಾಲಗೆಯೋ ತುದಿಗಾಲಲ್ಲಿ ನಿಂತಿತ್ತು. ಬೇರೆ ದಾರಿ ಕಾಣದೆ, ಹಪ್ಪಳದ ಹಾಗೆ ಗರಿಗರಿಯಾದ ಕೋರಿರೊಟ್ಟಿಯ ಒಂದು ದೊಡ್ಡ ತುಂಡನ್ನು ಕೋಳಿಸಾರಿಗೂ ಅದ್ದದೆ ಹಾಗೇ ಬಾಯಿಗೆ ತುರುಕಿದೆ. ಅದು ಕರುಂಕುರುಂ ಎಂದು ಮುಗಿಯುವಷ್ಟರಲ್ಲಿ ಬುದ್ಧಿ ಬಂದಿತ್ತು. "ಶಾಲೆಯ ಮಾತು ಶಾಲೆಯಲ್ಲಿ ಶಶಿ. ಅವಳ ಹತ್ತಿರ ನೀನೇ ಕೂತು ಕೇಳು" ಎಂದೆ. "ಭಾರೀ ದೊಡ್ಡ ಜನ ಆದಿರಿ ಅಕ್ಕಾ" ಎಂದು ಅವಳು ಮುಖ ಊದಿಸಿಕೊಂಡು ಹೋದಳು. ಕಾರಿನಲ್ಲಿ ನನ್ನ ಗಂಡ, "ಎಂತ, ಜ್ವರ ಉಂಟಾ?" ಎಂದು ಹಣೆ ಮುಟ್ಟಿ ನೋಡಿದರು.

ಮಂಗಳವಾರ ಧನ್ಯಾ ತಾನಾಗಿಯೇ ಬಂದು ಬಾಗಿಲು ಹಾಕಿದಳು. ನಾನು ನಾಲಗೆ ಕಚ್ಚಿಕೊಂಡು ಕೂತೆ. ಗೆದ್ದೆ ಎಂಬ ಹೆಮ್ಮೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

"ನಮಗೆ ಸೋಮವಾರ ಫಸ್ಟ್ ಪೀರಿಯಡ್ ಗಣಿತ, ಟೀಚರ್" ಎಂದಳು ಅವಳು, ನೆಲ ನೋಡುತ್ತ. "ಅವತ್ತು ಮಾತ್ರ ನೀವು ಒಬ್ಬೊಬ್ಬರನ್ನೇ ಬೋರ್ಡಿಗೆ ಕರೀತೀರಲ್ಲ. ಲೆಕ್ಕ ತಪ್ಪಿದರೆ, 'ಅಂಗನವಾಡಿಯಿಂದ ಸೀದಾ ಇಲ್ಲಿಗೇ ಬಂದದ್ದಾ?' ಅಂತ ಕೇಳ್ತೀರಿ. ಎಲ್ಲರೂ ನಗ್ತಾರೆ. ನನಗೆ ಆದಿತ್ಯವಾರ ಸಂಜೆಯೇ ಹೊಟ್ಟೆನೋವು ಶುರುವಾಗ್ತದೆ. ಅಮ್ಮನಿಗೆ ಹೇಳಿದರೆ ಟೀಚರನ್ನು ದೂರ್ತೀಯಾ ಅಂತ ನನಗೇ ಬೈತಾರೆ."

ಆ ಅಂಗನವಾಡಿಯ ಮಾತು ನನ್ನ ಬಹಳ ಮೆಚ್ಚಿನ ತಮಾಷೆ. ಕ್ಲಾಸಿಡೀ ನಗುವುದನ್ನು ನೋಡಿ, ಮಕ್ಕಳಿಗೆ ನನ್ನ ಪಾಠವೆಂದರೆ ಎಷ್ಟು ಇಷ್ಟ ಎಂದು ಉಬ್ಬಿಹೋಗಿದ್ದವಳು ನಾನು. "ತಪ್ಪಾಯ್ತು ಮಗಾ. ಇನ್ನು ನಿನ್ನನ್ನು ಬೋರ್ಡಿಗೆ ಕರೆಯುವುದಿಲ್ಲ" ಎಂದೆ.

ಅವಳು ಸ್ವಲ್ಪ ಯೋಚಿಸಿ, "ಕರೀರಿ ಟೀಚರ್. ಆ ಜೋಕ್ ಮಾತ್ರ ಬೇಡ" ಎಂದಳು.

ಮುಂದಿನ ಸೋಮವಾರ ಧನ್ಯಾ ಶಾಲೆಗೆ ಬಂದಳು, ಅದರ ಮುಂದಿನ ಸೋಮವಾರವೂ ಬಂದಳು. ಸಿಸ್ಟರ್‌ಗೆ ಆಶ್ಚರ್ಯ. "ಡಾಕ್ಟರಿಗೂ ಗೊತ್ತಾಗದ್ದು ನಿಮಗೆ ಗೊತ್ತಾಯ್ತಲ್ಲ! ಎಂತ ಇತ್ತು ಟೀಚರ್ ಆ ಮಗುವಿಗೆ ಸಮಸ್ಯೆ?" ಎಂದು ಕೇಳಿದರು. "ಗೋಪ್ಯ ವಿಷಯ ಸಿಸ್ಟರ್, ಹೇಳುವ ಹಾಗಿಲ್ಲ" ಎಂದೆ, ಗಂಭೀರವಾಗಿ. ಅವರಿಗೆ ಅದು ಎಷ್ಟು ಹಿಡಿಸಿತೆಂದರೆ, ಸ್ಟಾಫ್ ಮೀಟಿಂಗಿನಲ್ಲಿ ಎಲ್ಲರೆದುರು ನನ್ನ ವೃತ್ತಿನಿಷ್ಠೆಯನ್ನು ಹೊಗಳಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಎಲ್ಲರೂ ಅದನ್ನು ವಿನಯ ಎಂದುಕೊಂಡರು.