ಚಂದ್ರನಿಗೆ ಎಷ್ಟು ಹಲ್ಲು

"ಈ ಚಂದ್ರಗ ಎಷ್ಟ ಹಲ್ಲ ಇರಬೇಕು?"

ಅನೇಕಾಂತ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಸಾಂಗ್ಲಿಯ ಆ ಮಹಡಿ ಕೋಣೆಯಲ್ಲಿ ಅವನ ಹೊರತು ಇದ್ದದ್ದು ಒಂದು ಮೇಜು, ಒಂದು ಮಂಚ, ಒಂದು ಕಪಾಟು, ಎರಡು ಕುರ್ಚಿ. ಮತ್ತೆ ಈ ಗೋಡೆಯಿಂದ ಆ ಗೋಡೆಗೆ ಕಟ್ಟಿದ ಹಗ್ಗದ ಮೇಲೆ ಒಗೆದ ಬಟ್ಟೆಯಂತೆ ಒಣಗುತ್ತಿದ್ದ ನಲವತ್ತು ಚಿತ್ರಗಳು. ಒಂದರಲ್ಲಿ ತಾಯಿಯೊಬ್ಬಳು ತನ್ನ ನೆರಳನ್ನು ಹಿಂಡಿ ಹಿಂಡಿ ಒಣಹಾಕುತ್ತಿದ್ದಳು. ಇನ್ನೊಂದರಲ್ಲಿ ಮರದ ತುಂಬ ಕಿವಿ ಕಾಯಿಬಿಟ್ಟಿದ್ದವು. ಮತ್ತೊಂದರಲ್ಲಿ ಮೈತುಂಬ ಕಣ್ಣಿದ್ದ ಬಟಾಟೆಯೊಂದು ಕಾಲ ಮೇಲೆ ಕಾಲು ಹಾಕಿ ಕೂತು ಒಬ್ಬ ದಪ್ಪ ಮನುಷ್ಯನ ಸಿಪ್ಪೆ ಸುಲಿಯುತ್ತಿತ್ತು. ಇವೆಲ್ಲ ಏಳೆಂಟು ವರ್ಷದ ಮಕ್ಕಳ ಪುಸ್ತಕಕ್ಕೆ. ಬರೆಯಿಸುವವರು ಪುಣೆಯಲ್ಲಿದ್ದರು, ಬೆಚ್ಚಿಬೀಳುವವರು ಇಲ್ಲಿದ್ದರು.

"ಚಂದ್ರಗ ಹಲ್ಲ ಯಾತಕ್ಕ?" ಎಂದಳು ಪಕ್ಕದ ಕೋಣೆಯ ಕೆಂಪವ್ವ. ಅರಿಷಿಣದ ವಖಾರಿಯಲ್ಲಿ ಕೂಲಿ ಮಾಡುವ ಅವಳು ಅಂದು ರಜೆಯಿದ್ದುದರಿಂದ ಕೈಯಲ್ಲಿ ಕಸಬರಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಅವ ಏನ ತಿಂತಾನ?"

"ನಿದ್ದಿ ಮಾಡದ ಮಕ್ಕಳ ಕನಸ ತಿಂತಾನ್ರಿ ಮಾವಶಿ."

"ನಿನಗ ಇನ್ನೂ ಯಾಕ ಲಗ್ನ ಆಗಿಲ್ಲ ಅಂತ ನಾ ಇನ್ನ ಮ್ಯಾಲ ಕೇಳಂಗಿಲ್ಲ ಬಿಡಪ್ಪಾ."

ಅನೇಕಾಂತ ಮೂವತ್ತೆರಡು ಹಲ್ಲು ಬರೆದು ಮುಗಿಸುವುದಕ್ಕೂ ಸುಭಾಷ ಕಾಕಾ ಏದುಸಿರು ಬಿಡುತ್ತ ಮೆಟ್ಟಿಲು ಹತ್ತುವುದಕ್ಕೂ ಸರಿಹೋಯಿತು. ಕಾಕಾ ಎಸ್‌ಟಿ ಬಸ್ಸಿನ ನಿವೃತ್ತ ಕಂಡಕ್ಟರು. ಈಗ ಜೈನರ ಮನೆಗಳಲ್ಲಿ ಗಂಡು ಹೆಣ್ಣು ಕೂಡಿಸುತ್ತ ಓಡಾಡುತ್ತಿದ್ದರು.

"ಸಮಡೋಳಿಯ ಹೆಣ್ಣಿನವರು ಮುಂದಿನ ಐತವಾರ ಬರೋದಿಲ್ಲ," ಎಂದರು.

ಅನೇಕಾಂತನ ಮುಖ ಇಳಿಯಿತು. "ಒಲ್ಲೆ ಅಂದ್ರೇನ್ರಿ?"

"ಇವತ್ತ ಬರ್ತಾರ. ನಾಕ ಗಂಟೇಕ್ಕ." ಕಾಕಾ ಹಗ್ಗದ ಕಡೆ ನೋಡಿ ಹಾಗೇ ಕುರ್ಚಿಯಲ್ಲಿ ಕುಸಿದರು. "ಈಗ ಮೂರೂವರಿ. ಇವನ್ನೆಲ್ಲಾ ತಗೀ ಮೊದಲ."

ಕಾಕಾನ ಗಾಬರಿಗೆ ಕಾರಣವಿತ್ತು. ಮೊದಲು ನೋಡಲು ಬಂದ ಹೆಣ್ಣಿನ ತಾಯಿ ಕಿವಿಯ ಮರ ನೋಡಿ ಮೆಟ್ಟಿಲ ಮೇಲೇ ಕೂತುಬಿಟ್ಟಿದ್ದಳು. ಎರಡನೆಯವರು ಚಹಾ ಆರುವ ಮೊದಲೇ ಹೋದರು. ಮೂರನೆಯವರು ಮರುದಿನ ಆಳಿನ ಕೈಯಲ್ಲಿ ಒಂದು ತಾಯತ ಕಳಿಸಿದರು. "ಇದೂ ತಪ್ಪಿದ್ರ ನನ್ನ ಕಡೆ ಇನ್ನ ಹುಡುಗೇರ ಉಳದಿಲ್ಲ," ಎಂದರು ಕಾಕಾ. ಅನೇಕಾಂತನಿಗೆ ಈಗ ಮೂವತ್ತಾರು. ಇವತ್ತು ಬರಲಿದ್ದ ಹೆಣ್ಣು, ಮಿರಜದ ದವಾಖಾನೆಯಲ್ಲಿ ನರ್ಸ್ ಆಗಿದ್ದ ಸೋನಲಳ ಫೋಟೋವನ್ನು ಅವನು ಫೋನಿನಲ್ಲಿ ಎಷ್ಟು ಸಲ ನೋಡಿದ್ದನೆಂದರೆ, ಅವಳು ಬಂದು ಹೋಗಿ ಮಾಡುವ ಬಳಗದವಳೇ ಎನಿಸಿಬಿಟ್ಟಿತ್ತು. ಗೋಡೆಯ ಜೊತೆ ಮಾತಾಡಿ ಮಾತಾಡಿ ಅವನಿಗೂ ಸಾಕಾಗಿತ್ತು.

ಮೂವರೂ ಚಿತ್ರ ಕೀಳತೊಡಗಿದರು. ಹತ್ತು ಕಪಾಟಿನ ಮೇಲೆ ಹೋದವು. ಮೂವತ್ತು ಗಾದಿಯ ಕೆಳಗೆ. ಕೆಂಪವ್ವ ಕಣ್ಣು ಮುಚ್ಚಿಕೊಂಡೇ ಒಯ್ದು ಒಯ್ದು ಕೊಟ್ಟಳು. ಉಳಿದದ್ದು ಹಸಿ ಮಸಿಯ ಚಂದ್ರ. ಎಲ್ಲಿಟ್ಟರೂ ಅಂಟುತ್ತಿತ್ತು. ಕೆಳಗೆ ಮೋಟರು ನಿಂತ ಸದ್ದಾಯಿತು. ಕಾಕಾ ಸಮಯಸ್ಫೂರ್ತಿಯಿಂದ ಚಂದ್ರನನ್ನು ಅಂಗಾತ ಕುರ್ಚಿಯ ಮೇಲೆ ಮಲಗಿಸಿ, ಮೇಲೊಂದು ತೆಳ್ಳನೆಯ ಪಂಚೆ ಹಾಸಿದರು.

"ಮುಚ್ಚಿದ್ರ ಆತು," ಎಂದರು.

ಬಂದವರು ಮೂವರು. ಹುಡುಗಿಯ ಅಪ್ಪ, ಶುಭ್ರ ಬಿಳಿ ಪೈಜಾಮದ ಪಾರ್ಶ್ವನಾಥರು, ಅವರ ತಾಯಿ ಮಾಣಿಕಬಾಯಿ, ಹಿಂದೆ ಹೆಗಲಿಗೆ ಚೀಲ ಹಾಕಿಕೊಂಡ ಸೋನಲ. "ಬರ್ರಿ, ಕುಂದ್ರಿ," ಎಂದು ಅನೇಕಾಂತ ಬಾಯಿ ಮುಚ್ಚುವ ಮೊದಲೇ ಪಾರ್ಶ್ವನಾಥರು ಪಂಚೆ ಹಾಸಿದ ಕುರ್ಚಿಯೇ ತಮಗಾಗಿ ಸಿಂಗರಿಸಿದ್ದೆಂದು ತಿಳಿದು ಅದರಲ್ಲೇ ಗಟ್ಟಿಯಾಗಿ ಕೂತರು. ಅನೇಕಾಂತ, ಪದ ಮರೆತ ಭಜನೆಯವನಂತೆ, ತೆರೆದ ಬಾಯಿ ತೆರೆದೇ ನಿಂತ.

"ಹೊತ್ತ ಮುಳಗೂದ್ರೊಳಗ ಮನಿ ಮುಟ್ಟಿ ಉಣಬೇಕ್ರಿ, ಲಗೂ ಮುಗಸೂಣು," ಎಂದರು ಪಾರ್ಶ್ವನಾಥರು. "ಕೆಲಸ ಏನ ಮಾಡ್ತೀರಿ?"

"ಚಿತ್ರ ಬರೀತಾನ್ರಿ, ಮಕ್ಕಳ ಪುಸ್ತಕಕ್ಕ," ಎಂದು ಕಾಕಾ ನಡುವೆ ಬಾಯಿ ಹಾಕಿದರು. "ಕಮಲ, ನವಿಲ. ನೋಡಿದ್ರ ಹಸುಗೂಸ ಅಳೂದ ಬಿಡ್ತಾವ."

ಅಷ್ಟರಲ್ಲಿ ಮಾಣಿಕಬಾಯಿ ಮಂಚದ ಮೇಲೆ ಕೂತರು. ಗಾದಿ ಹಪ್ಪಳದಂತೆ ಕರಕರ ಅಂದಿತು. ಅವರು ಆ ಕಡೆ ಸರಿದರು. ಆ ಕಡೆಯೂ ಕರಕರ.

"ಗಾದ್ಯಾಗ ಏನ ತುಂಬಿ ತಮ್ಮಾ?" ಎನ್ನುತ್ತ ಅಜ್ಜಿ ಕೆಳಗೆ ಕೈಹಾಕಿ ಒಂದು ಹಾಳೆ ಎಳೆದರು. ಬಟಾಟೆ. ಮನುಷ್ಯನ ಸಿಪ್ಪೆ ಅರ್ಧ ಸುಲಿದಿತ್ತು.

ಮೂವತ್ತು ವರ್ಷ ಟಿಕೆಟಿಲ್ಲದವರ ಸುಳ್ಳು ಕೇಳಿದ್ದ ಕಾಕಾನಿಗೆ ಅವುಗಳಲ್ಲಿ ಒಂದಾದರೂ ಈಗ ಉಪಯೋಗಕ್ಕೆ ಬರಬೇಕಿತ್ತು. ಆದರೆ ಹೊಸದೇ ಹೊಳೆಯಿತು.

"ನರಕ ರೀ ಅಜ್ಜಿ, ಬಸದಿ ಗ್ವಾಡಿಗೆ. ಗಡ್ಡಿ ತಿಂದಾವ್ರ ಗತಿ ಮುಂದ ಏನ ಆಗ್ತೈತಿ ಅಂತ ಪಾಠಶಾಲಿ ಮಕ್ಕಳಿಗೆ ತೋರ್ಸಾಕ."

ನೆಲದೊಳಗೆ ಬೆಳೆಯುವ ಗೆಡ್ಡೆಯನ್ನು ವ್ರತದ ಜೈನರು ಬಾಯಿಗೆ ಹಾಕುವುದಿಲ್ಲ. ಮಾಣಿಕಬಾಯಿಯದಂತೂ ಐವತ್ತು ವರ್ಷದ ವ್ರತ. ಪಾರ್ಶ್ವನಾಥರು ಮೆಚ್ಚಿ ತಲೆದೂಗಿದರು. ಆದರೆ ಅಜ್ಜಿಯ ಮುಖ ಸುಣ್ಣದಂತಾಯಿತು.

"ಪಾರ್ಶ್ವಾ," ಎಂದರು ಸಣ್ಣ ದನಿಯಲ್ಲಿ, "ನಿನ್ನಿ ಮಿರಜ ಸ್ಟೇಶನ್ಯಾಗ ನಾ ಬಟಾಟಿ ವಡಾ ತಿಂದ್ನಿ."

"ಏನಂದಿ ಅವ್ವಾ?"

"ಒಂದ ಅಲ್ಲೋ. ಎರಡ."

ಪಾರ್ಶ್ವನಾಥರು ಬರಸಿಡಿಲು ಬಡಿದವರಂತೆ ಎದ್ದು ನಿಂತು ತಾಯಿಯ ಕಡೆ ತಿರುಗಿದರು. ಉಳಿದವರಿಗೆಲ್ಲ ಅವರ ಬೆನ್ನಿನ ಭಾಗ ಕಂಡಿತು. ಪಂಚೆಯನ್ನು ದಾಟಿ ಮಸಿ ತನ್ನ ಕೆಲಸ ಮಾಡಿತ್ತು. ಬಿಳಿ ಪೈಜಾಮದ ಹಿಂಬದಿಯಲ್ಲಿ ದುಂಡನೆಯ ಮುಖವೊಂದು ಮೂವತ್ತೆರಡು ಹಲ್ಲು ಕಿರಿದು ನಗುತ್ತಿತ್ತು.

ಒಗ್ಗರಣೆಯ ಅವಲಕ್ಕಿಯ ತಟ್ಟೆ ಹಿಡಿದು ಒಳಗೆ ಬಂದ ಕೆಂಪವ್ವ ಅಂದಳು: "ಸಾವ್ಕಾರ್ರ, ನಿಮ್ಮ ಹಿಂದ ಚಂದ್ರ ಮೂಡ್ಯಾನ."

ಪಾರ್ಶ್ವನಾಥರು ತಮ್ಮ ಹಿಂಬದಿ ನೋಡಿಕೊಳ್ಳಲು ಎರಡು ಸುತ್ತು ಸುತ್ತಿದರು. ಕಡೆಗೆ ಪಂಚೆ ಎತ್ತಿ, ಕುರ್ಚಿಯ ಮೇಲಿನ ಚಂದ್ರನನ್ನು ಕಂಡು, "ಈ ಹಲಕಟ್ ಚಿತ್ರ ಬರದಾವ ಯಾರು?" ಎಂದರು.

"ನಮ್ಮ ಹುಡುಗ ಅಲ್ಲರಿ," ಎಂದರು ಕಾಕಾ ತಕ್ಷಣ. "ಬುಧಗಾಂವದಾಗ ಒಬ್ಬ ಮುದುಕ ಅದಾನ. ತಲಿ ಸ್ವಲ್ಪ ಸರಿ ಇಲ್ಲ. ಪಾಪ ಅಂತ ಇವ ಅವನ ಚಿತ್ರ ಇಟ್ಕೊಂಡಾನ. ಹೌದಲ್ಲೋ ಅನೇಕಾಂತ?"

ಅನೇಕಾಂತ ಕಣ್ಣು ಮುಚ್ಚಿ ತಲೆಯಾಡಿಸಿದ. ಅವನ ಇಡೀ ಜೀವನದಲ್ಲಿ ಅಷ್ಟು ಭಾರವಾದ ತಲೆ ಅವನು ಆಡಿಸಿದ್ದಿಲ್ಲ.

ಪವಾಡದಂತೆ ಪಾರ್ಶ್ವನಾಥರ ಸಿಟ್ಟು ಇಳಿಯಿತು. "ಹುಚ್ಚಗ ಆಸರಾ ಕೊಟ್ಟಾನಂದ್ರ ಮನಸ ಚಲೋ ಐತಿ. ಕಮಲ ಬರೀತಾನಂದ್ರ ಕೈನೂ ಚಲೋ ಐತಿ. ನಮ್ಮದ ಹೂಂ ಅಂತ ತಿಳೀರಿ."

ಕಾಕಾ ಕೆಂಪವ್ವನ ತಟ್ಟೆಯಿಂದ ಹಿಡಿ ಅವಲಕ್ಕಿ ಬಾಯಿಗೆ ಹಾಕಿಕೊಂಡರು. ಆಗ, ಅಲ್ಲಿಯವರೆಗೆ ತುಟಿ ಎರಡು ಮಾಡದಿದ್ದ ಸೋನಲ ಅಂದಳು: "ಅಪ್ಪಾ, ನಾ ಕಮಲ ನೋಡಾಕ ಬಂದಿಲ್ಲ."

ಅವಳು ಚೀಲದಿಂದ ಮೂಲೆ ಸವೆದು ಪಟ್ಟಿ ಅಂಟಿಸಿದ ಒಂದು ಪುಸ್ತಕ ತೆಗೆದಳು. ಎರಡು ವರ್ಷದ ಹಿಂದಿನ, ಅನೇಕಾಂತನದೇ ಪುಸ್ತಕ. "ನಮ್ಮ ಮಕ್ಕಳ ವಾರ್ಡಿನ್ಯಾಗ ಇದ ಇರ್ತೈತಿ. ಅಥಣಿ ಕಡಿಂದ ಒಂದ ಹುಡುಗಿ ಬಂದಿತ್ತು, ಸೂಜಿ ಅಂದ್ರ ಮಂಚದ ಬುಡಕ ಹೋಗಿ ಕೂಡತಿತ್ತು. ಇದರಾಗಿನ ಬಾವಿ ಚಿತ್ರ ತೋರಿಸಿದ್ನಿ, ಮಂದಿ ಹೆಸರ ಹಿಡಿದ ಕರಿಯೂ ಬಾವಿ. ಬಾಳೊತ್ತ ನೋಡಿ, 'ಅಕ್ಕಾ, ಸೂಜಿ ಇದಕಿಂತ ಸಣ್ಣದ ಐತಿ' ಅಂದು ಕೈ ಮುಂದ ಮಾಡ್ತು. ಅವತ್ತಿಂದ ಎಲ್ಲಾ ಮಕ್ಕಳಿಗೂ ಇದ ಬೇಕು. ಹೊಸಾದ ಯಾವಾಗ ಬರ್ತೈತಿ ಅಂತ ಕೇಳ್ತಾವ. ಒಳಗ ಅನೇಕಾಂತ ಅಂತ ಹೆಸರಿತ್ತು. ಅದಕ್ಕ ಬಂದ್ನಿ." ಅವಳು ಕಾಕಾನ ಕಡೆ ತಿರುಗಿದಳು. "ಆ ಬುಧಗಾಂವದ ಅಜ್ಜನ ಪತ್ತೆ ಕೊಡ್ರಿ."

ಕಾಕಾನ ಗಂಟಲಲ್ಲಿ ಅವಲಕ್ಕಿ ನಿಂತಿತು. ಹುಟ್ಟಿ ಬೆಳೆದ ಊರಲ್ಲಿ ಮೊದಲ ಸಲ ಒಬ್ಬರು ಅನೇಕಾಂತನ ಬಾವಿಯೊಳಗೆ ಇಣುಕಿ ನೋಡಿ, ಓಡಿಹೋಗದೆ, ಇನ್ನೂ ಬೇಕು ಎಂದಿದ್ದರು. ಅವನು ಆಗಷ್ಟೇ ಅದು ತನ್ನದಲ್ಲವೆಂದು ತಲೆಯಾಡಿಸಿದ್ದ.

"ಅಜ್ಜ ಗಿಜ್ಜ ಯಾರೂ ಇಲ್ಲರಿ," ಎಂದ. "ನಾನ ಬರದೇನಿ. ಎಲ್ಲಾ ನನ್ನವ."

"ಹಂಗಾರ ಅದು ನರಕ ಅಲ್ಲೇನ?" ಎಂದರು ಮಾಣಿಕಬಾಯಿ.

"ಅಲ್ಲರಿ ಅಜ್ಜಿ. ಬರೇ ಬಟಾಟಿ."

ಅಜ್ಜಿ ಜೀವ ಬಂದವರಂತೆ ಗೋಡೆಗೆ ಒರಗಿದರು. ಪಾರ್ಶ್ವನಾಥರಿಗೆ ಮಾತ್ರ ತಲೆ ಕೆಟ್ಟಿತು. "ಈಗ ಅಲ್ಲ ಅಂತೀರಿ, ಈಗ ಹೌದು ಅಂತೀರಿ. ಯಾವುದ ಖರೇ?"

"ಇಲ್ಲೇ ಒಂದ ಬರದ ತೋರಸಲಿ," ಎಂದಳು ಸೋನಲ. "ಅಂಜಿಕಿ ಬರೂವಂಥಾದ್ದು."

ಅನೇಕಾಂತ ಹಾಳೆ ಎಳೆದುಕೊಂಡ. ಇಪ್ಪತ್ತು ವರ್ಷದಿಂದ ಕೇಳದೆಯೇ ಬರುತ್ತಿದ್ದದ್ದು ಅದೊಂದೇ. ತಲೆ ಎತ್ತಿ ಒಮ್ಮೆ ಅವಳನ್ನು ನೋಡಿದ. ಅವಳು ಪುಸ್ತಕವನ್ನು ಎದೆಗೆ ಒತ್ತಿ ಹಿಡಿದು ಕಾಯುತ್ತಿದ್ದಳು. ಕುಂಚ ಓಡಿತು. ಎಲ್ಲರೂ ಸುತ್ತ ಬಗ್ಗಿದರು. ಐದು ನಿಮಿಷಕ್ಕೆ ಕೈ ನಿಂತಿತು.

ಪೇರಲದ ಟೊಂಗೆಯ ಮೇಲೆ ಎರಡು ಗಿಳಿ. ಒಂದು ಇನ್ನೊಂದರ ಬಾಯಿಗೆ ಹಣ್ಣು ಕೊಡುತ್ತಿತ್ತು. ಮೂಲೆಯಲ್ಲಿ ಸೂರ್ಯ ನಗುತ್ತಿದ್ದ.

"ಬಾಳ ಚಂದ ಆಗೇತ್ಯೋ ಯಪ್ಪಾ," ಎಂದಳು ಕೆಂಪವ್ವ.

ತನ್ನದೇ ಕೈ ನೋಡಿ ಅನೇಕಾಂತ ಬೆವೆತ. ಇನ್ನೊಂದು ಹಾಳೆ ತೆಗೆದು ಸುಡುಗಾಡು ಬರೆಯಹೋದ. ಸೂರ್ಯಕಾಂತಿಯ ಹೊಲವಾಯಿತು. ದೆವ್ವ ಬರೆಯಹೋದ. ಅದು ತಲೆಗೆ ಕುಂಚಿಗೆ ಕಟ್ಟಿಕೊಂಡ ಕೂಸಾಗಿ ಕೂತು ಕೈ ಬೀಸಿತು.

"ಮುಗೀತು, ಇವ ಅಲ್ಲ," ಎಂದರು ಪಾರ್ಶ್ವನಾಥರು.

ಸೋನಲ ಗಿಳಿಯ ಹಾಳೆ ಎತ್ತಿ, ಪುಸ್ತಕದ ಬಾವಿಯ ಪಕ್ಕ ಹಿಡಿದು, ಗೆರೆ ಗೆರೆಯನ್ನೂ ಕೂಡಿಸಿ ನೋಡಿದಳು. "ಇವರೇ ಬರದಾರ ಅಪ್ಪಾ," ಎಂದಳು ಮೆಲ್ಲಗೆ. "ಎರಡರಾಗೂ ಗೆರಿ ಒಂದ ಐತಿ."

ಅನೇಕಾಂತನ ಕಣ್ಣು ತುಂಬಿತು. "ಹಿಂಗ ಎಂದೂ ಆಗಿಲ್ಲರಿ. ನಿಮ್ಮನ್ನ ನೋಡಿದ್ನಿ, ಒಳಗಿನ ಅಂಜಿಕಿ ಎಲ್ಲಾ ಎಲ್ಲಿ ಹೋತೋ ಹೋತು. ನೀವು ಎದುರಿಗಿದ್ರ ನನ್ನ ಕೈಲೆ ಇಂಥಾವ ಬರ್ತಾವ ಕಾಣಸ್ತೈತಿ. ಜೀವನಪೂರ್ತಿ ಇಂಥಾವ ಬರೀತೇನ್ರಿ. ಹೂಂ ಅನ್ರಿ."

ಕಾಕಾ ಕಣ್ಣೊರೆಸಿಕೊಂಡರು. ಪಾರ್ಶ್ವನಾಥರೂ ಚಂದ್ರನನ್ನು ಮರೆತು ಮಗಳ ಮುಖ ನೋಡಿದರು. ಸೋನಲ ಆ ಗಿಳಿಗಳನ್ನು ಇನ್ನೊಮ್ಮೆ ನೋಡಿದಳು. ಅವಳ ಮುಖದಲ್ಲಿ ನಗೆಯೂ ಇತ್ತು, ಸಂಕಟವೂ ಇತ್ತು. ಹಾಳೆಯನ್ನು ಮೇಜಿನ ಮೇಲಿಟ್ಟು, ಪುಸ್ತಕವನ್ನು ಚೀಲಕ್ಕೆ ಹಾಕಿ, ಎದ್ದಳು.

"ಗಿಳಿ ತೋರಿಸಿದ್ರ ನಮ್ಮ ವಾರ್ಡಿನ ಮಕ್ಕಳು ಸೂಜಿಗೆ ಕೈ ಕೊಡೂದಿಲ್ಲರಿ," ಎಂದಳು. "ನಾ ಒಲ್ಲೆ."