ಮಾವನ ಪ್ರೆಸ್ಸು ಮತ್ತು ಮಾತಾಡುವ ಲಗ್ನಪತ್ರಿಕೆ

ಮನುಷ್ಯನಿಗೆ ಹೆಸರಿಡುವವರು ತಂದೆತಾಯಿ ಎಂದು ನೀವು ನಂಬಿದ್ದರೆ, ನನ್ನ ಸೋದರಮಾವನನ್ನು ನೀವು ಕಂಡಿಲ್ಲ ಎಂದೇ ಅರ್ಥ. ಮಾನ್ವಿಯಲ್ಲಿ ಆ ಅಧಿಕಾರ ಬಹುಕಾಲ ಅವನ ಕೈಯಲ್ಲಿತ್ತು!

ಕಾಲಿನಿಂದ ತುಳಿಯುವ ಪುಟ್ಟ ಪ್ರೆಸ್ಸು ಅವನದು. ಒಂದೊಂದೇ ಸೀಸದ ಅಚ್ಚುಮೊಳೆ ಜೋಡಿಸಿ ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದ. ಎಲ್ಲ ಅಕ್ಷರಗಳೂ ಇದ್ದವು, ‘ಲ್ಲ’ದ ಒತ್ತು ಮಾತ್ರ ಸಾಲುತ್ತಿರಲಿಲ್ಲ. ಮಲ್ಲಟ ಎಂಬ ಹಳ್ಳಿಯವರೊಬ್ಬರು ಪತ್ರಿಕೆ ಮಾಡಿಸಲು ಬಂದರು. ಹೆಸರು ಓದಿದರೆ ಮಲ್ಲಪ್ಪ, ಮಲ್ಲಮ್ಮ, ಮಲ್ಲಣ್ಣ, ಮತ್ತೊಬ್ಬ ಮಲ್ಲಪ್ಪ!

“ಇಷ್ಟು ಮಲ್ಲಪ್ಪ ಯಾಕ್ರೀ? ಒಬ್ಬರನ್ನ ಬಸಪ್ಪ ಮಾಡ್ರಿ,” ಎಂದ ಮಾವ.

“ಅವರು ನಮ್ಮ ದೊಡ್ಡಪ್ಪರೀ! ಬಸಪ್ಪ ಅಂತ ಹ್ಯಾಂಗ ಕರಿಯೋದು?”

“ಮದುವಿ ಮುಗಿಯೋತನಕ ಅಷ್ಟ ಕರೀರಿ!”

ಬಸಪ್ಪನೆಂದೇ ಅಚ್ಚಾಯಿತು. ಮದುವೆಯ ದಿನ ದೊಡ್ಡಪ್ಪ ಮನೆ ಬಿಟ್ಟು ಕದಲಲಿಲ್ಲ. “ಬಸಪ್ಪನ್ನ ಕರದಾರ. ಅವ ಬರ್ತಾನ ತಗೋ,” ಎಂದು ಕೂತುಬಿಟ್ಟರು. ಕೊನೆಗೆ ಮಾವನೇ ಮಲ್ಲಟಕ್ಕೆ ಓಡಿ, ಪೆನ್ನಿನಿಂದ ಹೆಸರು ತಿದ್ದಿ, ಕಾಲು ಹಿಡಿದು ಕರೆತಂದ.

ಕಂಪ್ಯೂಟರು ಬಂದಾಗ ಪ್ರೆಸ್ಸು ಗುಜರಿಗೆ ಹೋಯಿತು. ಬಂದ ದುಡ್ಡಿನಲ್ಲಿ ಮಾವ ಟೇಪ್ ರೆಕಾರ್ಡರ್ ಕೊಂಡ. ಏಕೆ ಅಂತೀರಿ? ಮಗಳ ಮದುವೆಗೆ ಮಾತಾಡುವ ಲಗ್ನಪತ್ರಿಕೆ ಮಾಡಲು! ಒಲೆಯ ಪಕ್ಕದಲ್ಲೇ ಕೂತು ಗಂಭೀರವಾಗಿ ಆಮಂತ್ರಣ ಓದಿ, ಕ್ಯಾಸೆಟ್ಟುಗಳನ್ನು ದೇವದುರ್ಗದ ಬೀಗರಿಗೆಲ್ಲ ಹಂಚಿದ. ಅವರು ಹಾಕಿ ಕೇಳಿದರೆ, “ತಾವು ಸಹಕುಟುಂಬ ಆಗಮಿಸಿ...” ಎಂಬಲ್ಲಿಗೆ ಅತ್ತೆಯ ದನಿ: “ಹಾಲು ಉಕ್ಕಾಕತ್ಯಾವ, ಅಲ್ಲಿ ಕುಂತು ಏನ್ ಒದರಾಕತ್ತೀರಿ?”

ಮದುವೆಗೆ ದೇವದುರ್ಗದವರು ಒಬ್ಬರೂ ತಪ್ಪದೆ ಬಂದರು. ಬಂದವರು ಮದುಮಗಳನ್ನು ವಿಚಾರಿಸಲಿಲ್ಲ, ನೇರ ಅತ್ತೆಯ ಬಳಿ ಹೋದರು: “ಅಕ್ಕಾ, ಹಾಲು ಉಳದ್ವೇನ್ರೀ?”

ಈಗ ಮಾವನಿಗೆ ಮೊಬೈಲು ಸಿಕ್ಕಿದೆ. ಹೋದ ವರ್ಷ ಅವನ ಬಾಲ್ಯದ ಗೆಳೆಯ, ಮಾನ್ವಿಯ ಗಲ್ಲಿಗಳಲ್ಲಿ ತಳ್ಳುಗಾಡಿಯ ಮೇಲೆ ಬಳೆ ಮಾರುವ ಸಾಹೇಬ, ಗಂಟಲ ಆಪರೇಷನ್ನಿಗೆ ರಾಯಚೂರಿನ ದವಾಖಾನೆ ಸೇರಿದ. ಆಮೇಲೆ ಮಾತು ಬರುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಮಾವ ನನ್ನನ್ನೂ ಕರೆದುಕೊಂಡು ಆಪರೇಷನ್ನಿನ ಹಿಂದಿನ ದಿನವೇ ಅಲ್ಲಿಗೆ ಹೋಗಿ, ರೆಕಾರ್ಡಿಂಗ್ ಶುರು ಮಾಡಿ ಮೊಬೈಲನ್ನು ಗೆಳೆಯನ ಬಾಯಿಗೆ ಹಿಡಿದ.

“ಬಳೀ... ಹಸಿರು ಬಳೀ...” ಎಂದ ಆತ, ಮೆಲ್ಲಗೆ.

“ಹಂಗಲ್ಲೋ! ಗಲ್ಲಿಯಾಗ ಒದರಿದಂಗ ಒದರು!”

“ಅರೇ ಭಾಯಿ, ಇದು ದವಾಖಾನಿ ಅದ!”

“ಇರ್ಲಿ ಒದರು!”

ಒದರಿದ. ನರ್ಸಮ್ಮ ಓಡಿ ಬಂದಳು. “ಏನ್ರೀ ಇದು, ಸಂತಿ ಮಾಡೀರೇನು?”

“ಬಾ ತಂಗೀ,” ಎಂದ ಮಾವ, “ನಿನಗ ಎಷ್ಟು ಡಜನ್ ಬೇಕು?”

ವಾರ್ಡಿಗೆ ವಾರ್ಡೇ ನಕ್ಕಿತು. ಸಾಹೇಬನೂ ನಕ್ಕ. ಆ ನಗುವೂ ಮೊಬೈಲಿನಲ್ಲಿ ಉಳಿಯಿತು.

ತಿಂಗಳುಗಳ ನಂತರ ಗಾಡಿ ಮತ್ತೆ ಹೊರಬಿತ್ತು. ಮಾವನೂ ನಾನೂ ಜೊತೆಗಿದ್ದೆವು. ಗಾಡಿಗೆ ಕಟ್ಟಿದ ಪುಟ್ಟ ಸ್ಪೀಕರಿನಿಂದ, “ಹಸಿರು ಬಳೀ ಯವ್ವಾ!” ಎಂಬ ಕೂಗು ಹೊಮ್ಮಿತು. ತನ್ನದೇ ದನಿ ಕೇಳಿ ಸಾಹೇಬ ನಿಂತುಬಿಟ್ಟ. ಕೈ ಗಂಟಲಿಗೆ ಹೋಯಿತು. ಬಾಗಿಲುಗಳು ತೆರೆದವು. ಅಜ್ಜಿಯೊಬ್ಬಳು ಓಡೋಡಿ ಬಂದು, “ದನಿ ಬಂತೇನೋ ಯಪ್ಪಾ! ಗಂಟಲ ಆರಾಮಾತೇನು?” ಎಂದಳು.

ಆತ ಮುಗುಳ್ನಕ್ಕು ಮಾವನತ್ತ ಬೆರಳು ತೋರಿಸಿದ.

ಜನ್ಮದಲ್ಲಿ ಮಾತಿಗೆ ತಡವರಿಸದ ನನ್ನ ಮಾವ ಮುಖ ತಿರುಗಿಸಿ, ಬಳೆ ಜೋಡಿಸುವವನಂತೆ ದೊಡ್ಡ ಬಳೆ, ಚಿಕ್ಕ ಬಳೆ ಎಲ್ಲವನ್ನೂ ಕಲೆಸತೊಡಗಿದ. ಸಾಹೇಬ ಹತ್ತಿರ ಬಂದು, ಅವನ ಕೈಯಿಂದ ಬಳೆಗಳನ್ನು ಮೆಲ್ಲಗೆ ಬಿಡಿಸಿಕೊಂಡ. ಕೈಯನ್ನು ಮಾತ್ರ ಬಿಡಲಿಲ್ಲ.